ಚುಕ್ಕಿ ಎಣಿಸುವ ಯಂತ್ರ, ಬಾಯಿ ಬಿಡದ ಮಗು

ರಾತ್ರಿ ಹತ್ತೂವರೆ ಆಗಿತ್ತು. ಮೈಸೂರಿನ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂತು. ಕಾವೇರಿ ನೀರು ಯಾವಾಗ ಬಿಡುತ್ತಾರೆ, ಕಸದ ಗಾಡಿ ಯಾಕೆ ಬಂದಿಲ್ಲ, ಯಾರ ಮನೆ ನಾಯಿ ರಾತ್ರಿಯೆಲ್ಲ ಬೊಗಳಿತು, ಇಷ್ಟರಾಚೆಗೆ ಆ ಗ್ರೂಪಿನ ಮಾತು ಹೋಗುವುದಿಲ್ಲ. ವಿಡಿಯೋದ ಕೆಳಗೆ ಹೀಗೆ ಬರೆದಿತ್ತು: ‘ಈ ಮಗುವಿಗೆ ಹೀಗೆ ಮಾಡಿದ ಪಾಪಿ ಸಿಗೋವರೆಗೂ ಎಲ್ಲ ಗ್ರೂಪಿಗೂ ಕಳಿಸಿ.’ ಕಳಿಸಿದವರು ನಮ್ಮ ಮೂರನೇ ಕ್ರಾಸಿನ ನಿವೃತ್ತ ಮೇಷ್ಟ್ರು.

ನಾನು ಅದನ್ನು ತೆರೆಯಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿ, “ಸಾರ್, ದಯವಿಟ್ಟು ಅದನ್ನ ಗ್ರೂಪಿನಿಂದ ತೆಗೀರಿ” ಅಂದೆ.

“ಅಲ್ಲ ಕಣಯ್ಯ, ನಾನು ಒಳ್ಳೇದಕ್ಕೇ ಅಲ್ವಾ ಕಳಿಸಿದ್ದು?”

ಒಳ್ಳೆಯದಕ್ಕೇ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಇಂಥ ವಿಡಿಯೋ ಹಂಚುವುದು ಅಪರಾಧ. ಹುಡುಕುವುದು, ಡೌನ್‌ಲೋಡ್ ಮಾಡುವುದೂ ಅದೇ ಕಲಂನಲ್ಲಿದೆ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಪೋಕ್ಸೋ ಕಾಯ್ದೆಯ ಕಲಂಗಳು ಬೇರೆ. ಕಾನೂನಿನ ಮಾತು ಪಕ್ಕಕ್ಕಿಡಿ, ಆ ಮಗುವಿನ ಕಡೆಯಿಂದ ನೋಡಿ. ಅದಕ್ಕೆ ಆಗಬಾರದ್ದು ಒಂದು ಸಲ ಆಗಿಹೋಗಿದೆ. ನಾವು ಕಳಿಸಿದಷ್ಟು ಸಲ ಇನ್ನಷ್ಟು ಜನ ಅದನ್ನು ನೋಡುತ್ತಾರೆ.

2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಇದೇ ವಿಷಯದಲ್ಲಿ ಒಂದು ಮುಖ್ಯ ತೀರ್ಪು ಕೊಟ್ಟಿತು. ಇಂಥ ವಿಡಿಯೋವನ್ನು ಫೋನಿನಲ್ಲಿ ಇಟ್ಟುಕೊಂಡು ನೋಡಿದರೆ ಅದು ಅಪರಾಧ ಅಲ್ಲ ಎಂದಿದ್ದ ಮದ್ರಾಸ್ ಹೈಕೋರ್ಟಿನ ಆದೇಶವನ್ನು ರದ್ದು ಮಾಡಿತು. ಜೊತೆಗೆ, ಇದನ್ನು ‘ಮಕ್ಕಳ ಅಶ್ಲೀಲ ಚಿತ್ರ’ ಅನ್ನೋ ಅರ್ಥದಲ್ಲಿ ಕರೆಯಬೇಡಿ, ಮಕ್ಕಳ ಮೇಲಿನ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ಸಾಮಗ್ರಿ ಎಂದೇ ಕರೆಯಿರಿ ಎಂದು ಎಲ್ಲ ಕೋರ್ಟುಗಳಿಗೂ ಹೇಳಿತು. ಸುಮ್ನೆ ಪದದ ಜಗಳ ಅಲ್ಲ ಇದು. ಯಾವುದೋ ಕೊಲೆ ವಿಡಿಯೋದಲ್ಲಿ ಸಿಕ್ಕಿದರೆ ಅದನ್ನು ‘ಆ್ಯಕ್ಷನ್ ಸಿನಿಮಾ’ ಅನ್ನುತ್ತೇವಾ? ಇದೂ ಹಾಗೇ, ಒಂದು ಅಪರಾಧದ ದಾಖಲೆ.

ಮೇಷ್ಟ್ರು ವಿಡಿಯೋ ಅಳಿಸಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. “ಅಷ್ಟು ದೊಡ್ಡ ದೊಡ್ಡ ಕಂಪನಿಗಳು, ಅಷ್ಟೊಂದು ಕಂಪ್ಯೂಟರು. ಇಂಥದ್ದು ಬಂದ ತಕ್ಷಣ ಹಿಡಿಯೋಕಾಗಲ್ವೇನಯ್ಯ ಅವರಿಗೆ? ನೀನೂ ಅದೇ ಕೆಲಸದವನಲ್ವಾ?”

ಆಗುತ್ತದೆ. ಆಗುವುದೂ ಇಲ್ಲ. ಅದನ್ನೇ ಸ್ವಲ್ಪ ಬಿಡಿಸಿ ಹೇಳಬೇಕು.

ಫೋಟೋ ಅಂದರೆ ನಮಗೆ ಮುಖ, ಗೋಡೆ, ಬೆಳಕು. ಕಂಪ್ಯೂಟರಿಗೆ ಬರೀ ಅಂಕಿ. ಆ ಅಂಕಿಗಳನ್ನೆಲ್ಲ ಅರೆದು ಒಂದು ಚಿಕ್ಕ ಗುರುತಿನ ಸಂಖ್ಯೆ ತೆಗೆಯಬಹುದು. ಅದಕ್ಕೆ ಹ್ಯಾಶ್ ಅನ್ನುತ್ತಾರೆ. ಎರಡು ಫೈಲುಗಳ ಹ್ಯಾಶ್ ಒಂದೇ ಇದ್ದರೆ ಎರಡೂ ಒಂದೇ ಫೈಲು ಎಂದು ಲೆಕ್ಕ. ಆದರೆ ಮಾಮೂಲಿ ಹ್ಯಾಶ್ ತುಂಬಾ ಮಡಿವಂತ. ಫೋಟೋದ ಒಂದೇ ಒಂದು ಚುಕ್ಕಿಯ ಬಣ್ಣ ಬದಲಾದರೂ ಪೂರ್ತಿ ಬೇರೆ ಸಂಖ್ಯೆ ಬರುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ಕುಗ್ಗುತ್ತದೆ, ಯಾರೋ ಅಂಚು ಕತ್ತರಿಸುತ್ತಾರೆ, ಇನ್ಯಾರೋ ಮೂಲೆಯಲ್ಲಿ ಹೆಸರು ಒತ್ತುತ್ತಾರೆ. ಆಮೇಲೆ ಹಳೆಯ ಗುರುತು ಕೆಲಸಕ್ಕೆ ಬರುವುದಿಲ್ಲ.

ಇಲ್ಲಿ ನನಗೆ ನಮ್ಮಮ್ಮನ ರಂಗೋಲಿ ಪುಸ್ತಕ ನೆನಪಾಗುತ್ತದೆ. ಹಳೇ ಲೆಕ್ಕದ ಪುಸ್ತಕ ಅದು. ಒಂದೊಂದು ಪುಟದಲ್ಲಿ ಒಂದೊಂದು ರಂಗೋಲಿ, ಮೇಲೆ ‘15ರಿಂದ 8, ಮಧ್ಯ ಚುಕ್ಕಿ’ ಅಂತ ಪೆನ್ಸಿಲ್ಲಿನ ಬರಹ. ಧನುರ್ಮಾಸದಲ್ಲಿ ಬೆಳಗ್ಗೆ ದೇವಸ್ಥಾನಕ್ಕೆ ಹೋಗುವಾಗ ಬೀದಿಯ ರಂಗೋಲಿಗಳನ್ನೆಲ್ಲ ನೋಡುತ್ತಾ ನಡೆಯುತ್ತಾರೆ. “ಇದು ನಂದೇ, ನಾನೇ ಅವಳಿಗೆ ಹೇಳಿಕೊಟ್ಟಿದ್ದು” ಅನ್ನುತ್ತಾರೆ. ಆ ಮನೆಯವರು ದೊಡ್ಡದಾಗಿ ಹಾಕಿರಬಹುದು, ಬೇರೆ ಬಣ್ಣ ತುಂಬಿರಬಹುದು, ಒಂದು ಮೂಲೆಯ ಮೇಲೆ ಹಾಲಿನವನ ಸ್ಕೂಟರ್ ಹೋಗಿರಬಹುದು. ಆದರೂ ಅಮ್ಮ ಗುರುತಿಸುತ್ತಾರೆ. ಅವರು ನೋಡುವುದು ಬಣ್ಣವನ್ನಲ್ಲ, ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಗೆರೆ ಹೇಗೆ ಹೋಗಿದೆ ಅನ್ನೋದನ್ನು.

2009ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರೊಫೆಸರ್ ಹನಿ ಫರೀದ್ ಅವರ ಜೊತೆ ಸೇರಿ ತಯಾರಿಸಿದ ಫೋಟೋಡಿಎನ್‌ಎ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಮೊದಲು ಫೋಟೋವನ್ನು ಕಪ್ಪು ಬಿಳುಪು ಮಾಡುತ್ತದೆ. ಒಂದು ಗೊತ್ತಾದ ಅಳತೆಗೆ ತರುತ್ತದೆ. ಚೌಕ ಚೌಕವಾಗಿ ಮನೆ ಹಾಕುತ್ತದೆ. ಒಂದೊಂದು ಮನೆಯಲ್ಲೂ ಕತ್ತಲೆಯಿಂದ ಬೆಳಕಿಗೆ ಎಷ್ಟು ಏರಿಳಿತ ಇದೆ ಎಂದು ಅಳೆದು ಅಂಕಿ ಬರೆದುಕೊಳ್ಳುತ್ತದೆ. ಆ ಅಂಕಿಗಳ ಸಾಲೇ ಫೋಟೋದ ಗುರುತು. ಬಣ್ಣ ಬದಲಿಸಿ, ಕುಗ್ಗಿಸಿ, ಸ್ವಲ್ಪ ತಿದ್ದಿ, ಆ ಸಾಲು ಹೆಚ್ಚು ಬದಲಾಗುವುದಿಲ್ಲ. ಎರಡು ಸಾಲುಗಳು ಸಾಕಷ್ಟು ಹತ್ತಿರ ಇದ್ದರೆ ‘ಇದು ಅದೇ’ ಎನ್ನುತ್ತದೆ ಯಂತ್ರ. ಅದಕ್ಕೆ ಮಗು ಅಂದರೇನು, ದೌರ್ಜನ್ಯ ಅಂದರೇನು ಒಂದೂ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ.

ಹಾಗಾದರೆ ಹೋಲಿಸಿ ನೋಡುವ ಆ ಪುಸ್ತಕ ಬರೆದವರು ಯಾರು? ಮನುಷ್ಯರೇ. ಅಮೆರಿಕದಲ್ಲಿ ಎನ್‌ಸಿಎಂಇಸಿ ಅನ್ನೋ ಸಂಸ್ಥೆ ಇದೆ, ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳ ರಾಷ್ಟ್ರೀಯ ಕೇಂದ್ರ. ಬ್ರಿಟನ್ನಿನಲ್ಲಿ 1996ರಿಂದ ಇಂಟರ್ನೆಟ್ ವಾಚ್ ಫೌಂಡೇಶನ್ ಇದೆ. ಇಂಥ ಕಡೆ ಕೂತವರು ಒಂದೊಂದು ಚಿತ್ರವನ್ನೂ ಕಣ್ಣಾರೆ ನೋಡಿ, ಹೌದು ಎಂದು ಖಾತ್ರಿ ಮಾಡಿ, ಅದರ ಹ್ಯಾಶನ್ನು ಪಟ್ಟಿಗೆ ಸೇರಿಸುತ್ತಾರೆ. ಕಂಪನಿಗಳ ಕೈಗೆ ಹೋಗುವುದು ಅಂಕಿಗಳ ಪಟ್ಟಿ ಮಾತ್ರ, ಚಿತ್ರಗಳಲ್ಲ. ದಿನಾ ಆಫೀಸಿಗೆ ಹೋಗಿ ಅದನ್ನೇ ನೋಡಿ ಮನೆಗೆ ಬಂದು ಅನ್ನ ಕಲಸುವುದು ಹೇಗೆ ಅಂತ ನನಗೆ ಊಹಿಸಲೂ ಆಗುವುದಿಲ್ಲ.

ಈಗ ನಮ್ಮೂರಿಗೆ ಬರೋಣ. ಯಾರೋ ಒಬ್ಬ ಇಲ್ಲಿ ಕೂತು ಪಟ್ಟಿಯಲ್ಲಿರುವ ಒಂದು ಚಿತ್ರವನ್ನು ಫೇಸ್‌ಬುಕ್ಕಿಗೋ ಗೂಗಲ್ ಡ್ರೈವಿಗೋ ಏರಿಸುತ್ತಾನೆ ಎಂದಿಟ್ಟುಕೊಳ್ಳಿ. ಅಲ್ಲಿನ ಯಂತ್ರಕ್ಕೆ ಹ್ಯಾಶ್ ಹೊಂದುತ್ತದೆ. ಇಂಥದ್ದು ಗೊತ್ತಾದ ಮೇಲೆ ಸುಮ್ಮನಿರುವ ಹಾಗಿಲ್ಲ, ಎನ್‌ಸಿಎಂಇಸಿಗೆ ತಿಳಿಸಲೇಬೇಕು ಎಂದು ಅಮೆರಿಕದ ಕಾನೂನು ಹೇಳುತ್ತದೆ. 1998ರಿಂದ ಅವರ ಸೈಬರ್‌ಟಿಪ್‌ಲೈನ್ ಅನ್ನೋ ದೂರಿನ ವ್ಯವಸ್ಥೆ ನಡೆಯುತ್ತಿರುವುದೇ ಇದಕ್ಕೆ. ಚಿತ್ರ ಏರಿದ್ದು ಭಾರತದಿಂದ ಎಂದು ಗೊತ್ತಾದರೆ ದೂರು ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋಗೆ ಬರುತ್ತದೆ. 2019ರಲ್ಲಿ ಆದ ಒಪ್ಪಂದ ಇದು. ಅಲ್ಲಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಲ್ಲೆಗೆ. ಮೈಸೂರಿನಲ್ಲೂ ಮಂಡ್ಯದಲ್ಲೂ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳಿಗೆಂದೇ ಸೆನ್ ಪೊಲೀಸ್ ಠಾಣೆಗಳಿವೆ. ‘ಮಕ್ಕಳ ಅಶ್ಲೀಲ ವಿಡಿಯೋ ಹಂಚಿಕೆ, ಪ್ರಕರಣ ದಾಖಲು’ ಅಂತ ಪೇಪರಿನ ಒಳಪುಟದಲ್ಲಿ ಆಗಾಗ ಎರಡು ಸಾಲಿನ ಸುದ್ದಿ ನೋಡಿರುತ್ತೀರಿ. ಅಂಥ ಎಷ್ಟೋ ಸುದ್ದಿಗಳ ಬೇರು ಸಾವಿರಾರು ಮೈಲಿ ದೂರದ ಒಂದು ಕಂಪ್ಯೂಟರಿನಲ್ಲಿರುತ್ತದೆ.

ದೂರಿನ ಜೊತೆ ಸಾಮಾನ್ಯವಾಗಿ ಖಾತೆಯ ಹೆಸರು, ಮೇಲ್ ಅಥವಾ ಫೋನ್ ನಂಬರು, ಇಂಟರ್ನೆಟ್ ಸಂಪರ್ಕದ ಗುರುತು ನಂಬರಾದ ಐಪಿ ವಿಳಾಸ, ಸಮಯ ಇರುತ್ತವೆ. ಐಪಿ ಇದ್ದರೆ ಮುಗೀತು, ಮನೆ ಸಿಕ್ಕಿತು ಎಂದು ತುಂಬಾ ಜನ ತಿಳಿದಿದ್ದಾರೆ. ಅಷ್ಟು ಸುಲಭ ಅಲ್ಲ. ಮೊಬೈಲ್ ಕಂಪನಿಗಳು ಒಂದೇ ಐಪಿಯನ್ನು ಒಂದೇ ಹೊತ್ತಿನಲ್ಲಿ ನೂರಾರು ಗಿರಾಕಿಗಳಿಗೆ ಹಂಚಿರುತ್ತವೆ. ದೊಡ್ಡ ವಠಾರಕ್ಕೆಲ್ಲ ಒಂದೇ ಬಾಗಿಲ ನಂಬರ್ ಇದ್ದ ಹಾಗೆ. ಒಳಗೆ ಯಾವ ಮನೆ ಎಂದು ಹೇಳಬೇಕಾದರೆ ಪೋರ್ಟ್ ನಂಬರ್ ಬೇಕು, ಸೆಕೆಂಡಿನವರೆಗೆ ಸರಿಯಾದ ಸಮಯ ಬೇಕು. ಇದರಲ್ಲಿ ಇನ್ನೊಂದು ತೊಡಕಿದೆ. ಅಲ್ಲಿನ ದಾಖಲೆಗಳಲ್ಲಿ ಸಮಯ ಹೆಚ್ಚಾಗಿ ಯುಟಿಸಿಯಲ್ಲಿ, ಅಂದರೆ ಜಾಗತಿಕ ಸಮಯದಲ್ಲಿ, ಇರುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆ ಐದೂವರೆ ಗಂಟೆ ಕೂಡುವುದನ್ನು ಯಾರಾದರೂ ಮರೆತರೆ ಏನೂ ಅರಿಯದ ಇನ್ಯಾರದೋ ಮನೆ ಬಾಗಿಲು ತಟ್ಟಬೇಕಾಗುತ್ತದೆ.

ಎನ್‌ಸಿಎಂಇಸಿಗೆ ಎಷ್ಟು ದೂರು ಬರುತ್ತವೆ ಅಂದರೆ, 2023ರಲ್ಲಿ ಜಗತ್ತಿನ ಎಲ್ಲ ಕಡೆಯದೂ ಸೇರಿ 3.6 ಕೋಟಿಗೂ ಹೆಚ್ಚು. ದೇಶವಾರು ಲೆಕ್ಕದಲ್ಲಿ ಭಾರತದ ಹೆಸರೇ ಮೇಲಿತ್ತು. ಹಾಗಂತ ನಾವೇ ಜಗತ್ತಿನಲ್ಲಿ ಕೆಟ್ಟವರು ಅಂತ ಬರೆದುಬಿಡುವುದು ಸೋಮಾರಿತನ. ಇಲ್ಲಿ ಬಳಕೆದಾರರ ಸಂಖ್ಯೆಯೇ ಜಾಸ್ತಿ. ಒಂದೇ ವಿಡಿಯೋ ನೂರು ಜನ ಕಳಿಸಿದರೆ ನೂರು ದೂರು ಆಗಬಹುದು. ನಮ್ಮ ಮೇಷ್ಟ್ರಂಥವರು ‘ಒಳ್ಳೆಯದಕ್ಕೆ’ ಕಳಿಸಿದ್ದೂ ಅದರಲ್ಲಿ ಸೇರಿರುತ್ತದೆ. 2024ರಲ್ಲಿ ದೂರುಗಳು 2 ಕೋಟಿ ಚಿಲ್ಲರೆಗೆ ಇಳಿದವು. ಇದಕ್ಕೂ ಹಿಗ್ಗಬೇಕಾಗಿಲ್ಲ. ಒಂದೇ ವಿಡಿಯೋದ ದೂರುಗಳನ್ನೆಲ್ಲ ಸೇರಿಸಿ ಒಂದಾಗಿ ಎಣಿಸಲು ಶುರು ಮಾಡಿದ್ದೂ ಒಂದು ಕಾರಣ.

ಇಲ್ಲಿಯವರೆಗೆ ಹೇಳಿದ್ದೆಲ್ಲ ‘ಆಗುತ್ತದೆ’ ಅನ್ನೋ ಕಡೆಯ ಕಥೆ. ಆಗದೇ ಇರುವ ಕಡೆ ನೋಡೋಣ.

ಹ್ಯಾಶ್ ಗುರುತಿಸುವುದು ಪಟ್ಟಿಯಲ್ಲಿ ಇರುವ ಚಿತ್ರವನ್ನು. ಅಂದರೆ ಯಾರೋ ಆಗಲೇ ಒಮ್ಮೆ ನೋಡಿ, ದೂರು ಕೊಟ್ಟು, ಖಾತ್ರಿ ಮಾಡಿದ್ದನ್ನು. ಇವತ್ತು ಮಧ್ಯಾಹ್ನ ಯಾವುದೋ ಮನೆಯಲ್ಲಿ ತೆಗೆದ ಹೊಸ ಚಿತ್ರ ಅದಕ್ಕೆ ಕಾಣುವುದೇ ಇಲ್ಲ. ಅಮ್ಮನ ಪುಸ್ತಕದಲ್ಲಿ ಇಲ್ಲದ ರಂಗೋಲಿ ಅದು.

ಹೊಸದನ್ನು ಹಿಡಿಯಲು ಕೃತಕ ಬುದ್ಧಿಮತ್ತೆ ಇದೆ. ಗೂಗಲ್‌ನಂಥ ಕಂಪನಿಗಳು ಬಳಸುತ್ತಿವೆ. ಅದು ‘ಇದು ಅದೇ’ ಎನ್ನುವುದಿಲ್ಲ, ‘ಇದು ಅಂಥದ್ದು ಇರಬಹುದು’ ಎನ್ನುತ್ತದೆ. ಆ ‘ಇರಬಹುದು’ ಎಷ್ಟು ಕಷ್ಟ ಕೊಡಬಹುದು ಅನ್ನೋದಕ್ಕೆ ಅಮೆರಿಕದ ಒಬ್ಬ ತಂದೆಯ ಪ್ರಕರಣ ಇದೆ. 2021ರಲ್ಲಿ ಪುಟ್ಟ ಮಗನಿಗೆ ಗುಪ್ತಾಂಗದಲ್ಲಿ ಊತ ಬಂದಿತ್ತು. ಡಾಕ್ಟರಿಗೆ ತೋರಿಸಲೆಂದು ಫೋನಿನಲ್ಲಿ ಫೋಟೋ ತೆಗೆದರು. ಫೋಟೋ ತಾನಾಗಿಯೇ ಗೂಗಲ್ ಖಾತೆಗೆ ಹೋಯಿತು, ಯಂತ್ರ ಕೆಂಪು ದೀಪ ಹಚ್ಚಿತು. ಖಾತೆ ಬಂದ್, ಪೊಲೀಸ್ ತನಿಖೆ. ತಪ್ಪೇನೂ ಇಲ್ಲ ಎಂದು ಪೊಲೀಸರು ಕೈಬಿಟ್ಟರೂ ಖಾತೆ ವಾಪಸ್ ಸಿಗಲಿಲ್ಲ. ಮೇಲ್, ಫೋಟೋ, ಫೋನ್ ನಂಬರ್ ಎಲ್ಲ ಹೋಯಿತು. ಆದ್ದರಿಂದಲೇ ಯಂತ್ರದ ಮಾತಿನ ಮೇಲೆ ಮನುಷ್ಯರ ಕಣ್ಣು ಬೇಕು, ಮೇಲ್ಮನವಿಗೆ ಜಾಗ ಬೇಕು.

ಇನ್ನೊಂದು ಗೋಡೆ ಗೂಢಲಿಪಿಯದು. 2016ರಿಂದ ವಾಟ್ಸಾಪ್ ಮೆಸೇಜುಗಳು ಕಳಿಸಿದವರಿಗೂ ಪಡೆದವರಿಗೂ ಬಿಟ್ಟರೆ ಕಂಪನಿಗೂ ಕಾಣುವುದಿಲ್ಲ. ಅಂಟಿಸಿದ ಕವರನ್ನು ಪೋಸ್ಟ್‌ಮ್ಯಾನ್ ತಲುಪಿಸುತ್ತಾನೆ, ಒಳಗೇನಿದೆ ಅವನಿಗೆ ಗೊತ್ತಿಲ್ಲ. ಮೇಷ್ಟ್ರ ವಿಡಿಯೋ ನಮ್ಮ ಗ್ರೂಪಿಗೆ ಬರುವಾಗ ಯಾವ ಯಂತ್ರವೂ ತಡೆಯದೇ ಇದ್ದದ್ದು ಇದಕ್ಕೇ. ಪ್ರೊಫೈಲ್ ಫೋಟೋ, ಗ್ರೂಪಿನ ಫೋಟೋಗಳಂಥ ಬಯಲಿನಲ್ಲಿರುವುದನ್ನು ಮಾತ್ರ ಅವರು ಹ್ಯಾಶ್ ಹಾಕಿ ನೋಡಬಲ್ಲರು. ಯಾರಾದರೂ ‘ರಿಪೋರ್ಟ್’ ಒತ್ತಿದರೆ ಆ ಕಡೆಯಿಂದ ಬಂದ ಕೊನೆಯ ಐದು ಮೆಸೇಜುಗಳು ಕಂಪನಿಗೆ ಹೋಗುತ್ತವೆ. ಅಂದರೆ ಕವರ್ ಒಡೆಯುವ ಹಕ್ಕು ಓದಿದವರ ಕೈಯಲ್ಲಿದೆ. ನಮ್ಮ ಗ್ರೂಪಿನಲ್ಲಿ 180 ಜನ ಇದ್ದೆವು, ಎಷ್ಟು ಜನ ಆ ಗುಂಡಿ ಒತ್ತಿದರೋ.

ಹಾಗಾದರೆ ಕವರ್ ಅಂಟಿಸುವ ಮೊದಲೇ, ಫೋನಿನ ಒಳಗೇ ಪರೀಕ್ಷೆ ಮಾಡಿದರೆ? 2021ರ ಆಗಸ್ಟಿನಲ್ಲಿ ಆ್ಯಪಲ್ ಹೀಗೊಂದು ಯೋಜನೆ ಹೇಳಿತು. ಐಕ್ಲೌಡಿಗೆ ಹೋಗುವ ಫೋಟೋಗಳನ್ನು ಫೋನಿನಲ್ಲೇ ಪಟ್ಟಿಗೆ ಹೋಲಿಸುವ ಏರ್ಪಾಡು ಅದು. ತಜ್ಞರು ಹರಿಹಾಯ್ದರು. ಇವತ್ತು ಮಕ್ಕಳ ಪಟ್ಟಿ, ನಾಳೆ ಯಾವುದೋ ಸರ್ಕಾರ ತನಗಾಗದವರ ಪೋಸ್ಟರಿನ ಪಟ್ಟಿ ಕೊಟ್ಟರೆ ಏನು ಗತಿ ಅನ್ನೋದು ಅವರ ಪ್ರಶ್ನೆ. 2022ರ ಡಿಸೆಂಬರಿನಲ್ಲಿ ಕಂಪನಿ ಅದನ್ನು ಪೂರ್ತಿ ಕೈಬಿಟ್ಟಿತು. ನನಗೆ ಎರಡೂ ಕಡೆಯ ವಾದದಲ್ಲೂ ಸತ್ಯ ಕಾಣುತ್ತದೆ. ಆದರೆ ನಡುವಿನ ದಾರಿಯೊಂದು ಇಷ್ಟವಾಗುತ್ತದೆ. ಫೋನು ಯಾರಿಗೂ ಚಾಡಿ ಹೇಳುವುದಿಲ್ಲ, ಮಗುವಿಗೆ ಮಾತ್ರ ಎಚ್ಚರಿಕೆ ಕೊಡುತ್ತದೆ. ಬೆತ್ತಲೆ ಚಿತ್ರ ಬಂದರೆ ಮಸುಕು ಮಾಡುತ್ತದೆ, ಕಳಿಸಲು ಹೊರಟರೆ ‘ಬೇಕಾ, ಯೋಚನೆ ಮಾಡು’ ಎಂದು ಕೇಳುತ್ತದೆ. ಆ್ಯಪಲ್ ಫೋನುಗಳಲ್ಲಿ ಮಕ್ಕಳಿಗೆ ಈ ಸೌಲಭ್ಯ ಇದೆ. 18 ತುಂಬದವರ ಇನ್‌ಸ್ಟಾಗ್ರಾಮ್ ಮೆಸೇಜುಗಳಿಗೂ ಇದೆ.

18 ತುಂಬಿಲ್ಲ ಅಂತ ಇನ್‌ಸ್ಟಾಗ್ರಾಮಿಗೆ ಗೊತ್ತಿದ್ದರೆ.

ಮಂಡ್ಯದಲ್ಲಿ ನಮಗೆ ದೂರದ ನೆಂಟರ ಮನೆಯೊಂದಿದೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿ ಹೇಳುತ್ತೇನೆ. ಹುಡುಗನಿಗೆ 16. ಖಾತೆ ತೆರೆಯುವಾಗ ಹುಟ್ಟಿದ ವರ್ಷದ ಜಾಗದಲ್ಲಿ ಬೆರಳು ಹೋದ ಕಡೆ ಒತ್ತಿದ್ದ. ಖಾತೆಯ ಪ್ರಕಾರ ಅವನಿಗೆ 26. ಅಲ್ಲಿಗೆ ಮಕ್ಕಳಿಗೆಂದು ಮಾಡಿದ ರಕ್ಷಣೆ ಒಂದೂ ಅವನ ಹತ್ತಿರ ಬರಲಿಲ್ಲ. ಒಬ್ಬ ‘ಹುಡುಗಿ’ ಪರಿಚಯವಾದಳು. ಮೂರು ದಿನ ಹರಟೆ, ನಾಲ್ಕನೇ ದಿನ ಫೋಟೋ ಕೇಳಿದಳು. ಇವನು ಕಳಿಸಿದ. ಹತ್ತೇ ನಿಮಿಷದಲ್ಲಿ ಭಾಷೆ ಬದಲಾಯಿತು. ಹಣ ಹಾಕು, ಇಲ್ಲದಿದ್ದರೆ ನಿನ್ನ ಸ್ಕೂಲಿನವರಿಗೆಲ್ಲ ಕಳಿಸುತ್ತೇನೆ. ಕ್ಯೂಆರ್ ಕೋಡ್ ಬಂತು. ಅಮ್ಮನ ಫೋನಿನಿಂದ ಎರಡು ಸಾವಿರ ಹಾಕಿದ. ಐದು ಸಾವಿರ ಕೇಳಿದರು.

ಹುಡುಗ ಊಟ ಬಿಟ್ಟ. “ಯಾಕ್ಲಾ?” ಅಂದರೆ “ಏನಿಲ್ಲ ಬುಡು” ಅಂದ. ಕೊನೆಗೆ ರಾತ್ರಿ ನನಗೆ ಫೋನ್ ಮಾಡಿದ. “ಮಾವ, ಅಪ್ಪಂಗೆ ಮಾತ್ರ ಹೇಳ್ಬೇಡಿ.”

“ಹೇಳಲೇಬೇಕು ಕಣೋ. ನಾಳೆ ಬೆಳಗ್ಗೆ ಬರ್ತೀನಿ. ನಾನೂ ಪಕ್ಕದಲ್ಲೇ ಇರ್ತೀನಿ, ಆಯ್ತಾ?”

ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಹೋದೆ. ಅವನಪ್ಪ ಮೊದಲು ಕೈ ಹಾಕಿದ್ದು ಫೋನಿಗೆ. “ಈ ಪೀಡೆನ ಕಲ್ಲಿಗೆ ಹಾಕಿ ಒಡೀತೀನಿ” ಅಂದರು. ತಡೆದೆ. ಏಕೆಂದರೆ ಆಗ ಆ ಮನೆಯಲ್ಲಿದ್ದ ಒಂದೇ ಸಾಕ್ಷಿ ಆ ಫೋನು. ಬೆದರಿಸಿದವರ ಖಾತೆಯ ಹೆಸರು, ಕ್ಯೂಆರ್ ಕೋಡಿನ ಹಿಂದಿನ ಯುಪಿಐ ಐಡಿ, ಹಣ ಹೋದ ಸಮಯ, ಎಲ್ಲ ಅದರಲ್ಲೇ ಇತ್ತು. ಬೆದರಿಕೆಯ ಮಾತುಗಳ ಸ್ಕ್ರೀನ್‌ಶಾಟ್ ತೆಗೆದೆವು. ಹುಡುಗನ ಫೋಟೋವನ್ನು ಮಾತ್ರ ನನ್ನ ಫೋನಿಗೂ ಕಳಿಸಿಕೊಳ್ಳಲಿಲ್ಲ. ಹಣ ಮತ್ತೆ ಹಾಕಲಿಲ್ಲ. ಹಾಕಿದಷ್ಟೂ ಕೇಳುತ್ತಾರೆ, ಅದು ಅವರ ಕಸುಬು. ಹಣ ಹೋಗಿದ್ದಕ್ಕೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆವು, ಉಳಿದದ್ದಕ್ಕೆ ಸೆನ್ ಠಾಣೆಗೆ ಹೋದೆವು.

ಆಮೇಲೆ ‘ಟೇಕ್ ಇಟ್ ಡೌನ್’ ತೆರೆದೆವು. 2023ರಲ್ಲಿ ಎನ್‌ಸಿಎಂಇಸಿ ಶುರು ಮಾಡಿದ ಉಚಿತ ಸೇವೆ, 18 ತುಂಬುವ ಮೊದಲು ತೆಗೆದ ಚಿತ್ರಗಳಿಗೆ. ದೊಡ್ಡವರಿಗೆ ‘ಸ್ಟಾಪ್ ಎನ್‌ಸಿಐಐ’ ಅಂತ ಬೇರೆ ಇದೆ. ಹೆಸರು ಹೇಳಬೇಕಾಗಿಲ್ಲ. ಫೋನಿನಲ್ಲಿರುವ ಆ ಫೋಟೋವನ್ನು ಆರಿಸಿದರೆ ಅಲ್ಲೇ, ಫೋನಿನಲ್ಲೇ ಹ್ಯಾಶ್ ಆಗುತ್ತದೆ. ಹೊರಗೆ ಹೋಗುವುದು ಆ ಅಂಕಿಗಳ ಸಾಲು ಮಾತ್ರ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಸ್ನಾಪ್‌ಚಾಟ್ ತರಹ ಇದಕ್ಕೆ ಸೇರಿಕೊಂಡ ಕಂಪನಿಗಳು ಆ ಸಾಲಿಗೆ ಹೊಂದುವ ಚಿತ್ರವನ್ನು ಹುಡುಕಿ ತೆಗೆಯಬಲ್ಲವು. ವಾಟ್ಸಾಪಿನ ಅಂಟಿಸಿದ ಕವರಿನೊಳಗೆ ಹೋದದ್ದಕ್ಕೆ ಇದು ಮದ್ದಲ್ಲ, ಸೇರದ ಸೈಟುಗಳಿಗೂ ಅಲ್ಲ. ಆದರೂ ಇಲ್ಲಿ ಒಂದು ವಿಷಯ ಗಮನಿಸಿ. ಹೊಸ ಚಿತ್ರ ಯಂತ್ರಕ್ಕೆ ಕಾಣುವುದಿಲ್ಲ ಎಂದೆನಲ್ಲ, ಇಲ್ಲಿ ಅದನ್ನು ಪಟ್ಟಿಗೆ ಸೇರಿಸಿದ್ದು ಆ ಹುಡುಗನೇ. ಹರಡುವ ಮೊದಲೇ. ಅವನು ಬಾಯಿ ಬಿಡದಿದ್ದರೆ ಯಾವ ಪ್ರೊಫೆಸರ್ ಕಂಡುಹಿಡಿದ ಲೆಕ್ಕವೂ ಅವನ ಹತ್ತಿರ ಬರುತ್ತಿರಲಿಲ್ಲ.

ಈಗ ಫೋಟೋ ಕಳಿಸದೇ ಇರುವ ಮಕ್ಕಳಿಗೂ ಕಾಟ ಬಂದಿದೆ. ಸ್ಕೂಲ್ ಡೇ ಫೋಟೋ ಸಾಕು, ಎಐ ಬಳಸಿ ಬೆತ್ತಲೆ ಚಿತ್ರ ಮಾಡುತ್ತಾರೆ. ಪ್ರತಿ ಸಲವೂ ಹೊಸ ಚಿತ್ರ, ಹ್ಯಾಶ್ ಪಟ್ಟಿಗೆ ಸಿಗುವುದಿಲ್ಲ. ‘ಅದು ನಿಜವಾದ ಫೋಟೋ ಅಲ್ವಲ್ಲ’ ಅನ್ನೋ ಸಮಜಾಯಿಷಿ ಮಾತ್ರ ನಡೆಯುವುದಿಲ್ಲ. 2019ರ ತಿದ್ದುಪಡಿಯ ನಂತರ ಪೋಕ್ಸೋ ಕಾಯ್ದೆಯ ವ್ಯಾಖ್ಯೆಯಲ್ಲಿ, ನಿಜವಾದ ಮಗುವಿನಂತೆಯೇ ಕಾಣುವ ಕಂಪ್ಯೂಟರ್ ಚಿತ್ರ, ತಿದ್ದಿ ಮಾಡಿದ ಚಿತ್ರ ಎಲ್ಲವೂ ಬರುತ್ತವೆ.

ಚಿತ್ರ ತೆಗೆದುಹಾಕುವುದು ಒಂದಾದರೆ, ಅದರಲ್ಲಿರುವ ಮಗುವನ್ನು ಹುಡುಕುವುದು ಬೇರೆಯೇ ಕೆಲಸ. ನನಗೆ ತುಂಬಾ ಆಸಕ್ತಿ ಹುಟ್ಟಿಸುವುದೂ ಇದೇ. ಒಬ್ಬ ಆರೋಪಿಯ ಹಾರ್ಡ್ ಡಿಸ್ಕಿನಲ್ಲಿ ಲಕ್ಷ ಫೈಲು ಇದ್ದರೆ ಹ್ಯಾಶ್ ಮೊದಲು ಹಳೆಯವನ್ನೆಲ್ಲ ಜರಡಿ ಹಿಡಿದು ಬದಿಗಿಡುತ್ತದೆ. ಉಳಿದ ಹೊಸವು ಮುಖ್ಯ. ಅದರಲ್ಲಿರುವ ಮಗು ಈಗಲೂ ಅದೇ ಮನೆಯಲ್ಲಿ, ಅದೇ ಮನುಷ್ಯನ ಜೊತೆ ಇರಬಹುದು. ಅಲ್ಲಿಂದ ಮುಂದೆ ಪೊಲೀಸರು ನೋಡುವುದು ಹಿನ್ನೆಲೆಯನ್ನು. ಸ್ವಿಚ್ ಬೋರ್ಡ್ ಯಾವ ದೇಶದ್ದು, ಬಿಸ್ಕತ್ ಪೊಟ್ಟಣ ಎಲ್ಲಿ ಮಾರುತ್ತಾರೆ, ಗೋಡೆಯ ಕ್ಯಾಲೆಂಡರ್ ಯಾವ ಅಂಗಡಿಯವರು ಕೊಟ್ಟಿದ್ದು, ಹೊರಗೆ ಹೋದ ಬಸ್ಸಿನ ಬಣ್ಣ ಯಾವುದು. ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ 2017ರಿಂದ ಇಂಥ ವಸ್ತುಗಳನ್ನು ಮಾತ್ರ ಕತ್ತರಿಸಿ ಸಾರ್ವಜನಿಕವಾಗಿ ಹಾಕುತ್ತಿದೆ. ಒಂದು ಚೀಲ, ಒಂದು ಅಂಗಿಯ ತುಂಡು. ಮಗು ಎಲ್ಲೂ ಕಾಣುವುದಿಲ್ಲ. ಗುರುತು ಸಿಕ್ಕಿದವರು ತಿಳಿಸಬಹುದು. ಇಂಟರ್‌ಪೋಲಿನ ಚಿತ್ರಗಳ ಡೇಟಾಬೇಸಿಗೆ ನಮ್ಮ ಸಿಬಿಐ ಕೂಡ 2022ರಲ್ಲಿ ಸೇರಿತು. ಮೇಷ್ಟ್ರು ವಿಡಿಯೋ ಕಳಿಸಿದಾಗ ಅವರ ಮನಸ್ಸಿನಲ್ಲಿ ಇದ್ದದ್ದೂ ‘ಯಾರಾದರೂ ಗುರುತು ಹಿಡಿಯಲಿ’ ಅನ್ನೋದೇ. ಗುರುತು ಹಿಡಿಯಲು ಜನರಿಗೆ ಚೀಲ ತೋರಿಸಿದರೆ ಸಾಕು, ಮಗುವನ್ನು ತೋರಿಸಬೇಕಾಗಿಲ್ಲ.

ಆ ವಿಡಿಯೋ ಬಂದ ಮಾರನೇ ದಿನ ಮೇಷ್ಟ್ರು ನಮ್ಮ ಮನೆಗೆ ಬಂದರು. ರಾತ್ರಿ ನಿದ್ದೆ ಬರಲಿಲ್ಲವಂತೆ. ಇಬ್ಬರೂ ಕೂತು ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್ ತೆರೆದೆವು. ಹೆಂಗಸರು, ಮಕ್ಕಳ ಮೇಲಿನ ಅಪರಾಧಗಳಿಗೆ ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ನಮ್ಮ ಕಣ್ಣೆದುರೇ ಒಂದು ಮಗು ಅಪಾಯದಲ್ಲಿದೆ ಅಂದರೆ ಪೋರ್ಟಲ್ ತುಂಬಿಸುತ್ತಾ ಕೂರಬಾರದು, ಮಕ್ಕಳ ಸಹಾಯವಾಣಿ 1098ಕ್ಕೆ ಇಲ್ಲವೇ ತುರ್ತು ನಂಬರ್ 112ಕ್ಕೆ ಕರೆ ಮಾಡಬೇಕು. ಇಲ್ಲಿ ಹಾಗಿರಲಿಲ್ಲ. ದಿನಾಂಕ, ಸಮಯ, ವಿಡಿಯೋದ ಜೊತೆ ಬಂದಿದ್ದ ಬರಹ ಎಲ್ಲ ತುಂಬಿಸಿದೆ.

“ಸಾರ್, ನಿಮಗೆ ಇದು ಯಾವ ನಂಬರಿಂದ ಬಂತು?”

ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಾಫಿ ಆರುತ್ತಿತ್ತು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು.

“ಬರ್ಕೋ ಕಣಯ್ಯ” ಅಂತ, ಅಳಿಯನ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದರು.